ಅರಣ್ಯದಲ್ಲೇ ಉಳಿದ ಹಿರಿಯರು

ಕ್ರಿ.ಶ. 54ರ ಸುಮಾರಿಗೆ ಎಫೆಸ ಪಟ್ಟಣದಲ್ಲಿದ್ದ ಅಪೊಸ್ತಲ ಪೌಲ ಕಡಲಾಚೆಯ ಕೊರಿಂಥದ ಕ್ರೈಸ್ತರಿಗೆ ಒಂದು ಪತ್ರ ಕಳುಹಿಸಿದ. ಕೊರಿಂಥ ಆಗ ಹಳೆಯ ಗ್ರೀಕ್ ನಗರವಾಗಿ ಉಳಿದಿರಲಿಲ್ಲ. ಕ್ರಿ.ಪೂ. 146ರಲ್ಲಿ ರೋಮನ್ನರು ಅದನ್ನು ಹಾಳುಗೆಡವಿದ್ದರು. ನೂರು ವರ್ಷ ಕಳೆದ ಮೇಲೆ, ಕ್ರಿ.ಪೂ. 44ರಲ್ಲಿ, ಜೂಲಿಯಸ್ ಸೀಸರನ ಇಚ್ಛೆಯಂತೆ ಅದು ರೋಮನ್ ವಸಾಹತಾಗಿ ಮತ್ತೆ ಎದ್ದಿತ್ತು. ಬಿಡುಗಡೆ ಹೊಂದಿದ ಗುಲಾಮರು, ವ್ಯಾಪಾರಿಗಳು, ಹಡಗಿನ ಕೆಲಸದವರು, ಹೀಗೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಊರು ಅದು. ಅಲ್ಲಿನ ಸಭೆಯಲ್ಲಿದ್ದವರಲ್ಲಿ ಹೆಚ್ಚಿನವರು ಯೆಹೂದ್ಯರಲ್ಲ. ಅವರ ಪೂರ್ವಿಕರು ಐಗುಪ್ತದಲ್ಲಿ ಇಟ್ಟಿಗೆ ಮಾಡಿದವರಲ್ಲ, ಕೆಂಪು ಸಮುದ್ರ ದಾಟಿದವರೂ ಅಲ್ಲ. ಆದರೂ ಪತ್ರದ ಹತ್ತನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರ ಅರಣ್ಯಪ್ರಯಾಣವನ್ನು ನೆನಪಿಸುವಾಗ ಪೌಲ ಆ ಪ್ರಯಾಣಿಕರನ್ನು ‘ನಮ್ಮ ಪಿತೃಗಳು’ ಎಂದೇ ಕರೆಯುತ್ತಾನೆ.

ರಕ್ತಸಂಬಂಧವಿಲ್ಲದವರಿಗೆ ಇನ್ನೊಂದು ಜನಾಂಗದ ಹಿರಿಯರನ್ನು ಹಿರಿಯರನ್ನಾಗಿ ಕೊಡುವುದು ಸಣ್ಣ ಸಂಗತಿಯಲ್ಲ. ಹಳೆಯ ಒಡಂಬಡಿಕೆಯ ಚರಿತ್ರೆಯಿಂದ ಕ್ರೈಸ್ತರು ಎರಡು ಸಾವಿರ ವರ್ಷಗಳಿಂದ ಕಲಿಯುತ್ತ ಬಂದ ಪಾಠಗಳೆಲ್ಲ ಈ ನಂಟಿನ ಮೇಲೆ ನಿಂತಿವೆ ಎಂದು ನಾನು ನಂಬುತ್ತೇನೆ. ಆ ಚರಿತ್ರೆಯ ಒಳಗೆ ತಾನೂ ಇದ್ದೇನೆ ಎಂದು ಓದಿದವನನ್ನು ಅದು ತಿದ್ದುತ್ತದೆ. ಹೊರಗೆ ನಿಂತು ಓದಿದವನ ಕೈಯಲ್ಲಿ ಅದೇ ಚರಿತ್ರೆ ಬೇರೆಯವರನ್ನು ಹೊಡೆಯುವ ಕೋಲಾಗಿದೆ. ಎರಡಕ್ಕೂ ಸಾಕ್ಷಿಗಳು ಬೇಕಾದಷ್ಟಿವೆ.

ಹಿಂದೆ ನಡೆದದ್ದು ಇಂದಿಗೆ ಪಾಠವಾಗುವುದಾದರೂ ಹೇಗೆ? ಕಾವ್ಯ ಸಾರ್ವತ್ರಿಕವಾದದ್ದನ್ನು ಹೇಳುತ್ತದೆ, ಚರಿತ್ರೆ ಬಿಡಿ ಸಂಗತಿಗಳನ್ನು ಹೇಳುತ್ತದೆ, ಆದ್ದರಿಂದ ಕಾವ್ಯವೇ ತತ್ತ್ವಕ್ಕೆ ಹೆಚ್ಚು ಹತ್ತಿರ ಎಂದು ಅರಿಸ್ಟಾಟಲ್ ವಾದಿಸಿದ. ಈ ಲೆಕ್ಕದಲ್ಲಿ ಚರಿತ್ರೆಯಿಂದ ಪಾಠ ಬೇಕಿದ್ದರೆ ಹೆಸರು, ಊರು, ಕಾಲಗಳನ್ನೆಲ್ಲ ಸೋಸಿ ತೆಗೆದು ಒಂದು ನೀತಿಯನ್ನು ಉಳಿಸಿಕೊಳ್ಳಬೇಕು. ಪಂಚತಂತ್ರದ ಕಥೆಗಳು ಕಲಿಸುವುದು ಹೀಗೆ. ಆ ನರಿ ನಿಜವಾಗಿ ಯಾವ ಕಾಡಿನಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. ಪೌಲನ ದಾರಿ ಬೇರೆ. ಅವನು ಒಂದು ಘಟನೆಯ ಪಕ್ಕದಲ್ಲಿ ಇನ್ನೊಂದು ಘಟನೆಯನ್ನು ಇಡುತ್ತಾನೆ. ಸಮುದ್ರ ದಾಟಿದವರ ಪಕ್ಕದಲ್ಲಿ ದೀಕ್ಷಾಸ್ನಾನ ಪಡೆದವರು, ಅರಣ್ಯದಲ್ಲಿ ದೇವರು ಕೊಟ್ಟ ಮನ್ನ ಎಂಬ ಆಹಾರ ತಿಂದವರ ಪಕ್ಕದಲ್ಲಿ ಕರ್ತನ ಭೋಜನಕ್ಕೆ ಕೂತವರು. ಮೊದಲಿನದರಲ್ಲಿ ಮುಂದೆ ಬರಲಿರುವುದರ ನೆರಳಿದೆ. ಮುಂದೆ ಬಂದದ್ದರ ಬೆಳಕಿನಲ್ಲಿ ಮೊದಲಿನದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ದೇವಶಾಸ್ತ್ರದಲ್ಲಿ ಇದಕ್ಕೆ ಟೈಪಾಲಜಿ ಎನ್ನುತ್ತಾರೆ. ಮುನ್ನೆರಳಿನ ಓದು ಎನ್ನೋಣ.

ಈ ಓದಿನ ಸ್ವರೂಪವನ್ನು ಆಧುನಿಕ ಕಾಲದಲ್ಲಿ ಬಹಳ ಚೆನ್ನಾಗಿ ವಿವರಿಸಿದವರು ಎರಿಕ್ ಔವರ್‌ಬಾಕ್ ಎಂಬ ಜರ್ಮನ್ ಯೆಹೂದ್ಯ ವಿದ್ವಾಂಸರು. ನಾಜಿಗಳ ಆಳ್ವಿಕೆಯಲ್ಲಿ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡು ಇಸ್ತಾಂಬುಲಿಗೆ ಹೋದ ಅವರು 1938ರಲ್ಲಿ ‘ಫಿಗುರಾ’ ಎಂಬ ದೀರ್ಘ ಪ್ರಬಂಧ ಪ್ರಕಟಿಸಿದರು. ಅವರು ತೋರಿಸಿಕೊಟ್ಟ ಮುಖ್ಯ ಅಂಶ ಇಷ್ಟು: ರೂಪಕಕಥೆಯಲ್ಲಿ ಕಥೆ ಬರಿಯ ಹೊದಿಕೆ, ಅರ್ಥ ಸಿಕ್ಕ ಮೇಲೆ ಅದನ್ನು ಬಿಡಬಹುದು, ಮುನ್ನೆರಳಿನ ಓದಿನಲ್ಲಿ ಮೊದಲ ಘಟನೆ ತನ್ನ ಐತಿಹಾಸಿಕ ನಿಜವನ್ನು ಕಳೆದುಕೊಳ್ಳುವುದಿಲ್ಲ. ಮೋಶೆ ಮೋಶೆಯಾಗಿಯೇ ಇರುತ್ತಾನೆ. ಅರಣ್ಯದಲ್ಲಿ ಬಾಯಾರಿದವರ ಬಾಯಾರಿಕೆ ಅವರದೇ.

ಕೊರಿಂಥಕ್ಕೆ ಈ ಪಾಠ ಯಾಕೆ ಬೇಕಾಯಿತು? ವಿಗ್ರಹಗಳಿಗೆ ನೈವೇದ್ಯ ಮಾಡಿದ ಮಾಂಸವನ್ನು ತಿನ್ನಬಹುದೇ, ಆ ಗುಡಿಗಳ ಔತಣಗಳಿಗೆ ಹೋಗಬಹುದೇ ಎಂಬ ಜಗಳ ಅಲ್ಲಿತ್ತು. ತಮಗೆ ಜ್ಞಾನವಿದೆ ಎಂದುಕೊಂಡಿದ್ದ ಕೆಲವರಿಗೆ ಭಯವೇ ಇರಲಿಲ್ಲ: ದೀಕ್ಷಾಸ್ನಾನ ಆಗಿದೆ, ಕರ್ತನ ಮೇಜಿನಲ್ಲಿ ಪಾಲಿದೆ, ಇನ್ನೇನು ಅಪಾಯ? ಪೌಲ ಅವರಿಗೆ ಅರಣ್ಯವನ್ನು ತೋರಿಸುತ್ತಾನೆ. ಆ ಹಿರಿಯರೂ ಮೋಡದ ಕೆಳಗೆ ನಡೆದರು, ಸಮುದ್ರ ದಾಟಿದರು, ದೇವರು ಕೊಟ್ಟದ್ದನ್ನೇ ತಿಂದು ಕುಡಿದರು. ಅವರಿಗೂ ಸಂಸ್ಕಾರಗಳಿದ್ದವು. ಹಾಗಿದ್ದೂ ಎರಕದ ಬಸವನ ಮುಂದೆ ಕುಣಿದರು, ಗುಣುಗುಟ್ಟಿದರು, ಐಗುಪ್ತವೇ ವಾಸಿಯಾಗಿತ್ತು ಎಂದರು. ಹೆಚ್ಚಿನವರ ದೇಹಗಳು ಅರಣ್ಯದಲ್ಲೇ ಬಿದ್ದವು. ಅರಣ್ಯಕಾಂಡದ ಪ್ರಕಾರ ಐಗುಪ್ತದಿಂದ ಹೊರಟ ವಯಸ್ಕರ ಪಟ್ಟಿಯಲ್ಲಿದ್ದವರ ಪೈಕಿ ಕಾನಾನಿಗೆ ಕಾಲಿಟ್ಟವರು ಕಾಲೇಬ ಮತ್ತು ಯೆಹೋಶುವ ಇಬ್ಬರೇ. ಬಿಡುಗಡೆ ಹೊಂದುವುದು ಬೇರೆ, ಬಿಡುಗಡೆ ಹೊಂದಿದವರಾಗಿ ಬದುಕುವುದು ಬೇರೆ. ವಿಶ್ವಾಸ ಒಮ್ಮೆ ಕೈಗೆ ಬಂದ ಆಸ್ತಿಯಲ್ಲ ಎಂದು ಪೌಲ ಬೋಧಿಸಬಹುದಿತ್ತು. ಬೋಧಿಸುವ ಬದಲು ಅದನ್ನು ಕಳೆದುಕೊಂಡವರನ್ನು ಕೊರಿಂಥದವರ ಮನೆತನದ ಹಿರಿಯರನ್ನಾಗಿ ಮಾಡಿದ.

ಮನ್ನದ ಪ್ರಸಂಗವನ್ನು ಇನ್ನೂ ನಿಧಾನವಾಗಿ ನೋಡಬೇಕು. ಅದರಿಂದ ಸಾಮಾನ್ಯವಾಗಿ ತೆಗೆಯುವ ಪಾಠ, ದೇವರು ಕೊಡುತ್ತಾನೆ ಎಂಬುದು. ಸರಿಯೇ. ಆದರೆ ವಿಮೋಚನಕಾಂಡದ ಹದಿನಾರನೆಯ ಅಧ್ಯಾಯದಲ್ಲಿ ದೇವರು ಆಹಾರದ ಜೊತೆಗೆ ಒಂದು ಕಟ್ಟಳೆಯನ್ನೂ ಕೊಡುತ್ತಾನೆ. ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರಿನಷ್ಟು. ಹೆಚ್ಚು ಕೂಡಿಸಿಕೊಂಡವನು ಅಳೆದು ನೋಡಿದರೆ ಮಿಗಲಿಲ್ಲ, ಕಡಿಮೆ ಕೂಡಿಸಿಕೊಂಡವನಿಗೆ ಸಾಲದೆ ಹೋಗಲಿಲ್ಲ. ಮರುದಿನಕ್ಕೆಂದು ಇಟ್ಟುಕೊಂಡದ್ದು ಹುಳ ಬಿದ್ದು ನಾರಿತು. ಆರನೆಯ ದಿನ ಮಾತ್ರ ಎರಡರಷ್ಟು. ಏಳನೆಯ ದಿನ ಕೆಲಸವಿಲ್ಲ. ಈ ಕಟ್ಟಳೆ ಯಾರಿಗೆ ಬಂತು ಎಂಬುದನ್ನು ನೆನೆಯಿರಿ. ಐಗುಪ್ತದಲ್ಲಿ ಅವರು ಫರೋಹನಿಗೆ ಕಟ್ಟಿದ್ದು ಪಿತೋಮ್ ಮತ್ತು ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣಗಳನ್ನು. ಒಬ್ಬನ ಕೂಡಿಡುವಿಕೆಗಾಗಿ ಸಾವಿರಾರು ಜನ ಬಿಡುವಿಲ್ಲದೆ ದುಡಿಯುವುದೇ ಅವರು ಕಂಡಿದ್ದ ಲೋಕ. ಅರಣ್ಯದ ಮೊದಲ ಶಾಲೆಯಲ್ಲಿ ಅವರು ಕಲಿತದ್ದು ಕೂಡಿಡದೆ ಬದುಕುವುದನ್ನು, ಒಂದು ದಿನ ಸುಮ್ಮನಿರುವುದನ್ನು. ಗುಲಾಮನಿಗೆ ಇವೆರಡೂ ಹೊಸವು.

ಪೌಲ ಈ ಕಟ್ಟಳೆಯನ್ನು ಮರೆಯಲಿಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಗ್ರೀಸ್ ಮತ್ತು ಮಕೆದೋನ್ಯದ ಸಭೆಗಳಲ್ಲಿ ಹಣ ಕೂಡಿಸುವಾಗ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅವನು ನೆನಪಿಸುವುದು ಮನ್ನದ ಈ ಅಳತೆಯನ್ನೇ. ನಿಮ್ಮಲ್ಲಿ ಈಗ ಹೆಚ್ಚಿದೆ, ಅವರಲ್ಲಿ ಕೊರತೆಯಿದೆ, ಸಮವಾಗಲಿ ಎನ್ನುವುದು ಅವನ ಬೇಡಿಕೆ. ಅರಣ್ಯದಲ್ಲಿ ದೇವರ ಅಳತೆ ಮಾಡಿದ ಕೆಲಸವನ್ನು ಕೊರಿಂಥದಲ್ಲಿ ಮನುಷ್ಯರು ಮನಸ್ಸು ಬಿಚ್ಚಿ ಮಾಡಬೇಕಿತ್ತು. ಮನ್ನದಿಂದ ಭರವಸೆಯನ್ನಷ್ಟೇ ತೆಗೆದುಕೊಂಡು ಅಳತೆಯನ್ನು ಬಿಟ್ಟುಬಿಡುವ ಪ್ರಸಂಗಗಳನ್ನು ಕೇಳಿದಾಗ ನನಗೆ ನೋವಾಗುತ್ತದೆ.

ಪಾಠ ಕೊಟ್ಟ ವಸ್ತುವೂ ಕೆಡಬಹುದು ಎಂದು ಇಸ್ರಾಯೇಲಿನ ಚರಿತ್ರೆಯೇ ಎಚ್ಚರಿಸುತ್ತದೆ. ವಿಷಸರ್ಪಗಳು ಕಚ್ಚಿದವರು ನೋಡಿ ಬದುಕಲೆಂದು ಮೋಶೆ ತಾಮ್ರದ ಸರ್ಪವೊಂದನ್ನು ಮಾಡಿಸಿ ಕಂಬದ ಮೇಲೆ ಇಡಿಸಿದ. ಯೇಸು ನಿಕೊದೇಮನೊಡನೆ ಮಾತನಾಡುವಾಗ ತಾನು ಎತ್ತಲ್ಪಡುವುದನ್ನು ಅದಕ್ಕೆ ಹೋಲಿಸಿದ ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಕ್ರೈಸ್ತರಿಗೆ ಇದು ಚಿರಪರಿಚಿತ. ನಡುವೆ ಏನಾಯಿತು ಎಂಬುದು ಅಷ್ಟು ಪರಿಚಿತವಲ್ಲ. ಆ ಸರ್ಪವನ್ನು ಜನ ಕಾಪಾಡಿಕೊಂಡು ಬಂದರು, ನೆಹುಷ್ಟಾನ್ ಎಂಬ ಹೆಸರು ಅದಕ್ಕಿತ್ತು, ಅದಕ್ಕೆ ಧೂಪ ಹಾಕುತ್ತಿದ್ದರು. ಕೊನೆಗೆ ಯೆಹೂದದ ಅರಸ ಹಿಜ್ಕೀಯ ಅದನ್ನು ಒಡೆದುಹಾಕಿಸಿದ. ಮೋಶೆಯ ಕೈಯ ಕೆಲಸ ಎಂಬ ಗೌರವ ಅದನ್ನು ಉಳಿಸಲಿಲ್ಲ, ಉಳಿಸಬೇಕಾಗಿಯೂ ಇರಲಿಲ್ಲ.

ಚರಿತ್ರೆ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಐಗುಪ್ತದ ಹೊರಗಿನ ಒಂದು ಜನವಾಗಿ ಇಸ್ರಾಯೇಲಿನ ಹೆಸರು ಮೊದಲು ಕಾಣುವುದು ಕ್ರಿ.ಪೂ. 1208ರ ಸುಮಾರಿನ ಮೆರ್ನೆಪ್ತಾ ಫರೋಹನ ಶಿಲಾಶಾಸನದಲ್ಲಿ. ಗುಲಾಮರ ನಿರ್ಗಮನದ ಬಗ್ಗೆ ಐಗುಪ್ತದ ದಾಖಲೆಗಳು ಮೌನವಾಗಿವೆ. ಕ್ರಿ.ಪೂ. 722ರಲ್ಲಿ ಆದ, ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯದ ಪತನಕ್ಕೆ ಅಶ್ಶೂರದ ಶಾಸನಗಳ ಆಧಾರವಿದೆ, ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಯೆರೂಸಲೇಮಿನ ದೇವಾಲಯವನ್ನು ಸುಟ್ಟರು. ಹಳೆಯ ನೆನಪುಗಳಲ್ಲಿ ಬಹಳಷ್ಟು ಇಂದಿನ ರೂಪಕ್ಕೆ ಬಂದದ್ದು ಆ ಸೋಲಿನ ಕಾಲದಲ್ಲಿ ಮತ್ತು ಅದರ ಅನಂತರ. ಸೋತವರು ತಮ್ಮ ದೇವರು ಸಿಟ್ಟಾದ ಎನ್ನುವುದು ಆ ನಾಡುಗಳಲ್ಲಿ ಹೊಸತೇನಲ್ಲ. ಮೋವಾಬಿನ ಅರಸ ಮೇಷನ ಶಾಸನವೂ ಕೆಮೋಷ್ ದೇವರ ಸಿಟ್ಟಿನ ಮಾತಾಡುತ್ತದೆ. ಇಸ್ರಾಯೇಲಿನ ಪ್ರವಾದಿಗಳು ಆ ಸಿಟ್ಟಿಗೆ ಕೊಟ್ಟ ಕಾರಣವೇ ಮನಸ್ಸನ್ನು ಹಿಡಿಯುತ್ತದೆ. ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರುತ್ತಾರೆ ಎಂದು ಆಮೋಸ ತನ್ನ ಜನರನ್ನೇ ದೂರಿದ. ಆ ದೂರನ್ನು ಆ ಜನರೇ ಪವಿತ್ರಗ್ರಂಥವಾಗಿ ಕಾಪಾಡಿದರು.

ಕ್ರೈಸ್ತರು ಈ ಆತ್ಮವಿಮರ್ಶೆಯನ್ನು ಎತ್ತಿಕೊಂಡು ಯೆಹೂದ್ಯರ ಮೇಲಿನ ಆರೋಪಪಟ್ಟಿಯಾಗಿ ಓದಿದ್ದು ದೊಡ್ಡ ದುರಂತ. ಎರಡನೆಯ ಶತಮಾನದಲ್ಲಿ ಮಾರ್ಸಿಯೋನ್ ಎಂಬ ಕ್ರೈಸ್ತ ಬೋಧಕ ಹಳೆಯ ಒಡಂಬಡಿಕೆಯನ್ನೇ ತಳ್ಳಿಹಾಕಿದ. ರೋಮಿನ ಸಭೆ 144ರಲ್ಲಿ ಅವನನ್ನು ಹೊರಹಾಕಿತು. ಆದರೆ ಅದೇ ಶತಮಾನದಲ್ಲಿ ಸಾರ್ದಿಸಿನ ಬಿಷಪ್ ಮೆಲಿತೋ ಪಸ್ಕಹಬ್ಬದ ಕುರಿತ ತನ್ನ ಪ್ರಸಂಗದಲ್ಲಿ, ಶಿಲ್ಪಿ ಮೊದಲು ಮೇಣದಲ್ಲೋ ಜೇಡಿಮಣ್ಣಿನಲ್ಲೋ ಮಾದರಿ ಮಾಡಿ, ನಿಜವಾದ ಕೃತಿ ಎದ್ದ ಮೇಲೆ ಅದನ್ನು ಬಿಡುವಂತೆ ಇಸ್ರಾಯೇಲಿನ ಕಥೆಯೂ ಬೆಲೆ ಕಳೆದುಕೊಂಡಿತು ಎಂದ. ಅವನ ಮಾತಿನ ಸೊಗಸು ದೊಡ್ಡದು, ಅದು ಮಾಡಿದ ಹಾನಿಯೂ ದೊಡ್ಡದು. ಜನರನ್ನು ಮೇಣದ ಮಾದರಿ ಎಂದುಕೊಂಡರೆ ಅವರನ್ನು ಕರಗಿಸಲು ಕೈ ನಡುಗುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ಬೇರೆಯೇ ಚಿತ್ರ ಕೊಟ್ಟಿದ್ದ: ನೀವು ಊರೆಣ್ಣೆಮರಕ್ಕೆ ಕಸಿಮಾಡಿದ ಕಾಡೆಣ್ಣೆಮರದ ಕೊಂಬೆಗಳು, ಬೇರನ್ನು ಹೊತ್ತವರು ನೀವಲ್ಲ. ಯೇಸುವಿನ ಮರಣದ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಬಾರದು, ಅವರನ್ನು ದೇವರು ತಳ್ಳಿಬಿಟ್ಟವರೆಂದು ಹೇಳಬಾರದು ಎಂದು ಕಥೋಲಿಕ ಸಭೆ ಅಧಿಕೃತವಾಗಿ ಘೋಷಿಸಿದ್ದು 1965ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ.

ಇಸ್ರಾಯೇಲ್ಯರು ಯುದ್ಧದಲ್ಲಿ ಗೆದ್ದುಕೊಂಡರೆಂದು ಬೈಬಲ್ ಹೇಳುವ ಕಾನಾನಿನ ಪ್ರಶ್ನೆ ಇನ್ನೂ ಕಷ್ಟದ್ದು. ಅಮೆರಿಕಕ್ಕೆ ಹೋದ ಪ್ಯೂರಿಟನ್ನರು ತಮ್ಮನ್ನು ಹೊಸ ಇಸ್ರಾಯೇಲ್ ಎಂದುಕೊಂಡಾಗ ಅಲ್ಲಿನ ಮೂಲನಿವಾಸಿಗಳು ಕಾನಾನ್ಯರಾದರು. ಓಸೇಜ್ ಬುಡಕಟ್ಟಿನ ವಿದ್ವಾಂಸ ರಾಬರ್ಟ್ ಅಲೆನ್ ವಾರಿಯರ್ 1989ರ ಲೇಖನವೊಂದರಲ್ಲಿ, ಬಿಡುಗಡೆಯ ಕಥೆಯನ್ನು ಕಾನಾನ್ಯರ ಕಣ್ಣಿನಿಂದ ಓದಿ ನೋಡಿ ಎಂದು ಕೇಳಿದರು. ಮೂರನೆಯ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನ್ ಯೆಹೋಶುವನ ಯುದ್ಧಗಳನ್ನು ಮನಸ್ಸಿನೊಳಗಿನ ಪಾಪಗಳ ಮೇಲಿನ ಯುದ್ಧ ಎಂದು ವ್ಯಾಖ್ಯಾನಿಸಿ ಆ ಗ್ರಂಥವನ್ನು ಓದಲು ಸಾಧ್ಯಮಾಡಿದ್ದ. ಭಕ್ತನಿಗೆ ಆ ವ್ಯಾಖ್ಯಾನ ಆಸರೆಯಾಗಬಲ್ಲದು. ನೆಲ ಕಳೆದುಕೊಂಡವರಿಗೆ ಅದು ಉತ್ತರವಲ್ಲ.

ಒಳಗಿನಿಂದ ಓದುವುದು ಹೇಗಿರುತ್ತದೆ ಎಂಬುದಕ್ಕೆ ನಮ್ಮ ಹತ್ತಿರದಲ್ಲೇ ಒಂದು ನಿದರ್ಶನವಿದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರದ ಚರ್ಚೆ ಆರಂಭವಾಯಿತು ಎಂದು ಗುರುತಿಸುತ್ತಾರೆ. ಮುಂದೆ ಅದನ್ನು ಬೆಳೆಸುವಾಗ ಅವರು ಆಧಾರ ಮಾಡಿಕೊಂಡದ್ದು ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು. ಅಲ್ಲಿ ರೈತನೊಬ್ಬ ಮೊದಲ ಬೆಳೆಯನ್ನು ಪುಟ್ಟಿಯಲ್ಲಿ ತಂದು ಯಾಜಕನ ಮುಂದೆ ಇಟ್ಟು ತನ್ನ ಪೂರ್ವಿಕ ಗತಿಯಿಲ್ಲದ ಅಲೆಮಾರಿಯಾಗಿದ್ದ ಎಂದು ಅರಿಕೆ ಮಾಡಿಕೊಳ್ಳಬೇಕು. ಮುಂದುವರಿದಂತೆ ಆ ಅರಿಕೆ ಪೂರ್ವಿಕನಿಂದ ತಮ್ಮ ಕಡೆಗೇ ತಿರುಗುತ್ತದೆ: ಐಗುಪ್ತ್ಯರು ನಮ್ಮನ್ನು ಪೀಡಿಸಿದರು, ಕರ್ತನು ನಮ್ಮ ಕೂಗನ್ನು ಕೇಳಿದನು. ಹೇಳುವ ರೈತ ಐಗುಪ್ತವನ್ನು ನೋಡಿದವನೇ ಅಲ್ಲ. ಜಾತಿಯ ಕಾರಣದಿಂದ ಜನವೇ ಅಲ್ಲವೆಂದು ತಳ್ಳಲ್ಪಟ್ಟವರು ಈ ಅರಿಕೆಯಲ್ಲಿ ತಮ್ಮ ದನಿಯನ್ನು ಕೇಳಿದ್ದು ಸಹಜ. ತಮ್ಮ ಹೀನಸ್ಥಿತಿಯನ್ನು ಮುಚ್ಚಿಡದೆ ದೇವರ ಮುಂದೆ ಎತ್ತಿ ಹೇಳುವ ಹಕ್ಕನ್ನು ಅದು ಕೊಡುತ್ತದೆ. ಅರಿಕೆಯ ಬಳಿಕ ಆ ಬೆಳೆಯ ಊಟಕ್ಕೆ ಲೇವಿಯನನ್ನೂ ಪರದೇಶಿಯನ್ನೂ ಕೂರಿಸಿಕೊಳ್ಳಬೇಕು ಎಂಬುದು ಅದೇ ಅಧ್ಯಾಯದ ಆಜ್ಞೆ.

ಅದೇ ಗ್ರಂಥದ 23ನೆಯ ಅಧ್ಯಾಯದಲ್ಲಿ, ಐಗುಪ್ತ್ಯನನ್ನು ಅಸಹ್ಯಪಡಬಾರದು, ಅವನ ದೇಶದಲ್ಲಿ ನೀವು ಪರದೇಶಿಗಳಾಗಿದ್ದಿರಿ ಎಂಬ ಕಟ್ಟಳೆಯಿದೆ. ಮೂರನೆಯ ತಲೆಮಾರಿನ ಐಗುಪ್ತ್ಯರು ದೇವರ ಸಭೆಗೆ ಸೇರಬಹುದು. ಗುಲಾಮಗಿರಿಯ ನೆನಪಿನಿಂದ ಹಗೆಯನ್ನು ಕಲಿಯಬೇಡಿರಿ ಎಂದು ಇಷ್ಟು ನೇರವಾಗಿ ಹೇಳುವ ಕಾನೂನು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಕೆಲವೇ ಸಾಲು ಮೇಲೆ, ಮೋವಾಬ್ಯರು ಹತ್ತನೆಯ ತಲೆಮಾರಿಗೂ ಸೇರಬಾರದು ಎಂದಿದೆ. ಎರಡೂ ಒಂದೇ ಪುಟದಲ್ಲಿವೆ, ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಹರಿದುಹಾಕುವಂತಿಲ್ಲ. ಇಸ್ರಾಯೇಲಿನ ಚರಿತ್ರೆಯೇ ಆ ನಿಷೇಧದೊಡನೆ ಸೆಣಸುತ್ತ ಮುಂದೆ ಹೋಯಿತು: ಮೋವಾಬಿನ ರೂತ್ ಬೇತ್ಲೆಹೇಮಿಗೆ ಬಂದಳು, ದಾವೀದನ ಮುತ್ತಜ್ಜಿಯಾದಳು. ಯೇಸುವಿನ ವಂಶಾವಳಿಯನ್ನು ಬರೆದ ಮತ್ತಾಯ ಅವಳ ಹೆಸರನ್ನು ಬಿಡಲಿಲ್ಲ, ಅವಳ ಹಿಂದಿನ ಸಾಲಿನಲ್ಲಿ ಯೆರಿಕೋವಿನ ಕಾನಾನ್ಯಳಾದ ರಾಹಾಬಳ ಹೆಸರನ್ನೂ ಬರೆದ.