ದಾನದ ಶಾಲೆ, ವಿದ್ಯಾರ್ಥಿಯ ಋಣ

ಸರ್ಕಾರದ ಅನುದಾನವಾಗಲಿ ಲಾಭದ ಲೆಕ್ಕವಾಗಲಿ ಇಲ್ಲದೆ, ಹಿತೈಷಿಗಳ ನೆರವಿನಿಂದಲೇ ನಡೆಯುವ ಸಣ್ಣ ಶಾಲೆಯಲ್ಲಿ ಓದುವ ಮಗುವಿಗೆ ಊಟ, ಪುಸ್ತಕ, ಸೂರು ಎಲ್ಲವೂ ಯಾರದೋ ಕೊಡುಗೆ. ಕೊಟ್ಟವರ ಮುಖವನ್ನು ಅದು ಕಂಡಿರುವುದಿಲ್ಲ. ಕಂಡಿದ್ದರೂ ಅವರಿಗೆ ತಿರುಗಿ ಕೊಡಲು ಅದರ ಕೈಯಲ್ಲಿ ಏನೂ ಇರುವುದಿಲ್ಲ. ಈ ಮಗು ಯಾರಿಗೆ ಋಣಿ? ಋಣವಿರುವುದು ನಿಜವಾದರೆ ಅದು ತೀರುವುದು ಹೇಗೆ? ಕೊಟ್ಟವನಿಗೆ ಶಾಲೆಯ ಮೇಲೆ ಎಷ್ಟು ಅಧಿಕಾರ? ಇವು ಆಡಳಿತ ಮಂಡಳಿ ಕುಳಿತು ತೀರ್ಮಾನಿಸುವ ಪ್ರಶ್ನೆಗಳಂತೆ ಕಂಡರೂ ದಾನ, ಋಣ, ಕರ್ಮ ಎಂಬ ಹಳೆಯ ಜಿಜ್ಞಾಸೆಗಳಿಗೇ ಹೋಗಿ ಮುಟ್ಟುತ್ತವೆ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕ ಮತ್ತು ಯಾಜ್ಞವಲ್ಕ್ಯರ ಸಂವಾದ ಸಾಗುತ್ತಿರುವಾಗ ರಾಜ ಮತ್ತೆ ಮತ್ತೆ ಸಾವಿರ ಹಸುಗಳನ್ನು ಕೊಡಲು ಮುಂದಾಗುತ್ತಾನೆ. ಋಷಿ ಪ್ರತಿಸಲವೂ ಬೇಡವೆನ್ನುತ್ತಾನೆ. ಪೂರ್ತಿಯಾಗಿ ಕಲಿಸದೆ ಏನನ್ನೂ ಸ್ವೀಕರಿಸಬಾರದೆಂಬುದು ತನ್ನ ತಂದೆಯ ಮತವಾಗಿತ್ತು ಎಂಬುದು ಅವನ ಕಾರಣ. ಹಸುಗಳ ಮೇಲೆ ಆಸೆಯಿಲ್ಲದವನೇನೂ ಅಲ್ಲ ಯಾಜ್ಞವಲ್ಕ್ಯ. ಅದೇ ಉಪನಿಷತ್ತಿನ ಇನ್ನೊಂದು ಸಭೆಯಲ್ಲಿ ಚರ್ಚೆ ಶುರುವಾಗುವ ಮೊದಲೇ ಹಸುಗಳನ್ನು ಹೊಡೆದುಕೊಂಡು ಹೋಗುವಂತೆ ಶಿಷ್ಯನಿಗೆ ಹೇಳಿದವನು ಅವನೇ. ಆದರೆ ಕಲಿಸುವ ಹೊತ್ತಿನಲ್ಲಿ ಮಾತ್ರ ಕೊಡುಗೆ ಮುಂದೆ, ಕಲಿಕೆ ಹಿಂದೆ ಆಗುವುದನ್ನು ಅವನು ಒಪ್ಪುವುದಿಲ್ಲ. ಕಲಿಸದೆಯೇ ಹೆಬ್ಬೆರಳು ಕೇಳಿದ ದ್ರೋಣನ ಕಥೆ ಇದಕ್ಕೆ ನೇರ ವಿರುದ್ಧವಾದದ್ದು.

ಶಿಷ್ಯನ ಕಡೆಯಿಂದ ಹೆಚ್ಚು ಹೇಳುವುದು ಛಾಂದೋಗ್ಯದ ಸತ್ಯಕಾಮ ಜಾಬಾಲನ ಕಥೆ. ಗುರು ಗೌತಮ ಅವನಿಗೆ ನಾನೂರು ಬಡಕಲು ಹಸುಗಳನ್ನು ಒಪ್ಪಿಸುತ್ತಾನೆ. ಅವು ಸಾವಿರವಾಗುವ ತನಕ ಮರಳುವುದಿಲ್ಲವೆಂದು ಹುಡುಗ ಕಾಡಿಗೆ ಹೊರಡುತ್ತಾನೆ. ಲೋಕದ ಕಣ್ಣಿಗೆ ಇದು ಆಶ್ರಮದ ಊಳಿಗ. ಆದರೆ ಬ್ರಹ್ಮದ ನಾಲ್ಕು ಪಾದಗಳನ್ನು ಅವನು ತಿಳಿಯುವುದು ಆ ಕಾಡಿನಲ್ಲೇ: ಎತ್ತು, ಬೆಂಕಿ, ಹಂಸ ಮತ್ತು ಒಂದು ನೀರುಹಕ್ಕಿಯ ಬಾಯಿಂದ. ಮರಳಿ ಬಂದ ಮೇಲೂ ಗುರುವಿನಿಂದಲೇ ಕೇಳಬೇಕೆಂದು ಕೂರುತ್ತಾನೆ, ನಿಜ. ಆದರೂ ಶುಲ್ಕದ ಬದಲು ಮಾಡಿದಂತೆ ಕಾಣುವ ಕೆಲಸದೊಳಗೇ ವಿದ್ಯೆ ನಡೆದುಹೋಗಿದೆ. ಪಾಠದ ಹೊರಗಿನ ಚಟುವಟಿಕೆಗೂ ಪಾಠಕ್ಕೂ ನಡುವೆ ಗೋಡೆಯಿಲ್ಲ ಎಂಬ ನಿಲುವಿಗೆ ಇದಕ್ಕಿಂತ ಹಳೆಯ ಸಾಕ್ಷಿ ಹುಡುಕುವುದು ಕಷ್ಟ.

ಎಷ್ಟು ಪಡೆಯಬೇಕು ಎಂಬುದೂ ಧರ್ಮದ ಪ್ರಶ್ನೆಯೇ. ಪ್ರತಿಯಾಗಿ ಏನನ್ನೂ ಮಾಡಲಾರದವನಿಗೆ ಕೊಡುವುದನ್ನು ಗೀತೆ ಸಾತ್ವಿಕ ದಾನವೆಂದು ಕರೆಯುತ್ತದೆ. ಪಡೆಯುವವನ ಮಿತಿಯ ಮಾತು ಅಲ್ಲಿಲ್ಲ. ಅದು ಸಿಗುವುದು ಕಾಳಿದಾಸನ ರಘುವಂಶದಲ್ಲಿ. ಗುರುದಕ್ಷಿಣೆಗೆಂದು ಹದಿನಾಲ್ಕು ಕೋಟಿ ಬೇಡಲು ಬಂದ ಕೌತ್ಸನಿಗೆ ರಘು ಕುಬೇರನ ಹೊನ್ನಿನ ರಾಶಿಯನ್ನೇ ಒಪ್ಪಿಸುತ್ತಾನೆ. ಕೌತ್ಸ ಗುರುವಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ಕನ್ನಡದ ಶರಣ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮ ಇದನ್ನೇ ಇನ್ನೂ ಬಿಗಿಯಾಗಿ ಹಿಡಿದವಳು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕದ್ದನ್ನು ಅಲ್ಲೇ ಸುರಿದು ಬರುವಂತೆ ಅವನನ್ನು ತಿರುಗಿ ಕಳಿಸಿದಳು. ದಾಸೋಹಕ್ಕೆ ಬೇಕಾದಷ್ಟು ಮಾತ್ರ ಸಲ್ಲುತ್ತದೆ, ಮಿಕ್ಕದ್ದು ಆಸೆಯ ಪಾಲು ಎಂಬುದು ಅವಳ ನಿಲುವು.

ಈ ಪ್ರಶ್ನೆಗಳೆಲ್ಲ ಒಟ್ಟಿಗೆ ಪರೀಕ್ಷೆಗೆ ಬಂದದ್ದು ಬಂಗಾಳದ ಬೋಲ್ಪುರದ ಬಳಿ ರವೀಂದ್ರನಾಥ ಠಾಕೂರರು ಆರಂಭಿಸಿದ ಸಣ್ಣ ಶಾಲೆಯಲ್ಲಿ. ಅವರ ತಂದೆ ದೇವೇಂದ್ರನಾಥರು 1863ರಲ್ಲಿ ಪಡೆದ ಜಾಗ ಶಾಂತಿನಿಕೇತನ. 1888ರ ದತ್ತಿಪತ್ರದಲ್ಲಿ ಅವರು ಅದನ್ನು ನಿರಾಕಾರ ಬ್ರಹ್ಮದ ಉಪಾಸನೆಗೆ ಮೀಸಲಿಟ್ಟರು. ಅಲ್ಲಿ ವಿಗ್ರಹಪೂಜೆ ಕೂಡದು, ಮಾಂಸಾಹಾರ ಕೂಡದು, ಯಾವ ಮತದ ನಿಂದೆಯೂ ಕೂಡದು. ವರ್ಷಕ್ಕೊಮ್ಮೆ ಜಾತ್ರೆ ನಡೆಸಬಹುದು, ಬ್ರಹ್ಮವಿದ್ಯಾಲಯ ತೆರೆಯಬಹುದು. ಹೀಗೆ ಶಾಲೆ ಹುಟ್ಟುವ ಮೊದಲೇ ದಾನಿಯ ಕಟ್ಟಳೆ ಅಲ್ಲಿತ್ತು. ಆದರೆ ಆ ಕಟ್ಟಳೆ ಯಾರಿಗೆ ಕಲಿಸಬೇಕು, ಏನು ಕಲಿಸಬೇಕು ಎಂದು ಬಾಯಿ ಹಾಕಲಿಲ್ಲ. ದಾನಿಗೆ ಇರಬಹುದಾದ ಹಕ್ಕಿನ ಒಳ್ಳೆಯ ಮಾದರಿ ಇದು: ಅಂಗಳದ ಶುಚಿಯ ಬಗ್ಗೆ ಅವನು ಹೇಳಬಹುದು, ಅಂಗಳದಲ್ಲಿ ಏನು ಆಡಬೇಕೆಂದು ಹೇಳಲಾರ.

1901ರ ಡಿಸೆಂಬರ್ 22ರಂದು, ಐವರು ಹುಡುಗರೊಂದಿಗೆ ಬ್ರಹ್ಮಚರ್ಯಾಶ್ರಮ ಶುರುವಾಯಿತು. ಕವಿಯ ಮಗ ರಥೀಂದ್ರನಾಥ ಅವರಲ್ಲೊಬ್ಬ. ತಪೋವನದ ಗುರುಕುಲವನ್ನು ಮರಳಿ ತರುವ ಸಂಕಲ್ಪದ ಈ ಶಾಲೆಯ ಮೊದಲ ಅಧ್ಯಾಪಕರಲ್ಲಿ ಇಬ್ಬರು ಕ್ರೈಸ್ತ ಮತ ಸ್ವೀಕರಿಸಿದ್ದ ಬ್ರಹ್ಮಬಾಂಧವ ಉಪಾಧ್ಯಾಯ ಮತ್ತು ಸಿಂಧಿ ರೇವಾಚಂದ್ ಎಂಬುದು ಸ್ವಾರಸ್ಯದ ಸಂಗತಿ. ವಿದ್ಯೆಯನ್ನು ಮಾರಬಾರದೆಂಬ ಹಳೆಯ ನೇಮದಂತೆ ಮೊದಮೊದಲು ಶುಲ್ಕವಿರಲಿಲ್ಲ. ನೇಮ ದೊಡ್ಡದು, ಗಂಟು ಸಣ್ಣದು. ಕವಿ ಪುರಿಯ ಮನೆ ಮಾರಿದರು; ಪತ್ನಿ ಮೃಣಾಲಿನೀ ದೇವಿಯ ಒಡವೆಗಳೂ ಹೋದವು. ತ್ರಿಪುರದ ಮಹಾರಾಜ ರಾಧಾಕಿಶೋರ ಮಾಣಿಕ್ಯರು ವರ್ಷಾಶನ ಕೊಟ್ಟರು. ಕೊನೆಗೆ ಶುಲ್ಕವೂ ಬಂತು. ಜ್ಞಾನ ಮಾರಾಟದ ವಸ್ತುವಲ್ಲ ಎನ್ನುವುದು ಸುಲಭ. ಅಡುಗೆಮನೆಯ ಅಕ್ಕಿಗೆ ಆ ನೇಮ ಅನ್ವಯಿಸುವುದಿಲ್ಲವೆಂಬುದು ಇಂಥ ಶಾಲೆಗಳಿಗೆಲ್ಲ ಎರಡು ಮೂರು ವರ್ಷಗಳಲ್ಲೇ ಗೊತ್ತಾಗುತ್ತದೆ.

ಸಮುದಾಯದ ನೆರವು ಎಂದಾಗ ಯಾವ ಸಮುದಾಯ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. 1902ರಲ್ಲಿ ಬ್ರಾಹ್ಮಣನಲ್ಲದ ಅಧ್ಯಾಪಕರೊಬ್ಬರ ಪಾದ ಮುಟ್ಟಿ ಬ್ರಾಹ್ಮಣ ಹುಡುಗರು ನಮಸ್ಕರಿಸಬೇಕೇ ಎಂಬ ಚರ್ಚೆ ಶಾಂತಿನಿಕೇತನದಲ್ಲಿ ಎದ್ದಿತು. ಆಗಿನ ರವೀಂದ್ರರು ಹುಡುಗರು ಕೈಮುಗಿದರೆ ಸಾಕೆಂದು ಬರೆದರು. ಹಿಂದೂ ಸಮಾಜದ ಆಚಾರಕ್ಕೆ ಶಾಲೆ ಅಡ್ಡ ಬರಬಾರದೆಂಬ ಎಣಿಕೆ ಅವರದು. ಮುಂದೆ ಜಾತಿಯ ಗೆರೆಗಳನ್ನೇ ಪ್ರಶ್ನಿಸುವ ‘ಗೋರಾ’ ಕಾದಂಬರಿ ಬರೆದ ಲೇಖಕರೂ ಇವರೇ ಎಂದು ನೆನೆದರೆ ಅವರು ನಡೆದ ದೂರ ತಿಳಿಯುತ್ತದೆ. ಕನ್ನಡ ನಾಡಿನಲ್ಲೂ ಇದೇ ತೊಡಕಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿ ಎಷ್ಟೋ ಬಡ ಹುಡುಗರನ್ನು ಪದವಿಯವರೆಗೆ ಮುಟ್ಟಿಸಿತು. ಆದರೆ ಆ ಮನೆಗಳು ಬಹುಮಟ್ಟಿಗೆ ಹುಡುಗನ ಜಾತಿಯವೇ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಎದ್ದ ಹಲವು ವಿದ್ಯಾರ್ಥಿನಿಲಯಗಳೂ ಜಾತಿ ಜಾತಿಗೆ ಒಂದೊಂದು. ತಮ್ಮವರಿಗೆ ಕೊಡುವುದು ದಾನವೋ, ಕುಟುಂಬದ ಹೊಣೆಯ ವಿಸ್ತರಣೆಯೋ? ಎರಡನೆಯದೇ ಸರಿಯೆನಿಸುತ್ತದೆ, ಹಾಗೆಂದು ಅದನ್ನು ಹೀನವೆನ್ನಬೇಕಿಲ್ಲ. ಗೆರೆ ದಾಟಿದ ದೃಷ್ಟಾಂತವೂ ಇಲ್ಲೇ ಇದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ತಂದ ಧಾನ್ಯ ಎಲ್ಲ ಜಾತಿಯ ಮಕ್ಕಳ ತಟ್ಟೆಗೂ ಬಿತ್ತು.

ದಾನವನ್ನು ನೆಚ್ಚಿದ ಶಾಲೆಗೆ ಸರ್ಕಾರದ ಹಂಗಿಲ್ಲ ಎನ್ನುವುದೂ ಅರ್ಧಸತ್ಯ. 1911-12ರ ಸುಮಾರಿಗೆ ಪೂರ್ವ ಬಂಗಾಳ ಮತ್ತು ಅಸ್ಸಾಂ ಸರ್ಕಾರ ಹೊರಡಿಸಿದ ಗುಪ್ತ ಸುತ್ತೋಲೆ, ಸರ್ಕಾರಿ ನೌಕರರ ಮಕ್ಕಳಿಗೆ ಶಾಂತಿನಿಕೇತನದ ಶಾಲೆ ತಕ್ಕುದಲ್ಲವೆಂದಿತು. ಕೆಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಇನ್ನು ವಿದ್ಯಾರ್ಥಿಗಳ ಪಾಲು. ಶಾಂತಿನಿಕೇತನದಲ್ಲಿ ದೈಹಿಕ ಶಿಕ್ಷೆ ಇರಲಿಲ್ಲ. ತಪ್ಪು ಮಾಡಿದ ಹುಡುಗನ ವಿಚಾರಣೆ ನಡೆಸುತ್ತಿದ್ದುದು ಹುಡುಗರೇ ಆರಿಸಿದ ವಿಚಾರ ಸಭೆ. ನಾಯಕರ ಆಯ್ಕೆಯೂ ಅವರದೇ. ಸಾಹಿತ್ಯ ಸಭೆ, ಕೈಬರಹದ ಪತ್ರಿಕೆ, ಮಳೆಗೊಂದು ಶರತ್ತಿಗೊಂದು ಹಬ್ಬ, ನಾಟಕ ಎಲ್ಲ ನಡೆಯುತ್ತಿದ್ದವು. ಸುತ್ತಲಿನ ಹಳ್ಳಿಯವರಿಗೆ, ಸಂತಾಲರಿಗೆ ದೊಡ್ಡ ಹುಡುಗರು ರಾತ್ರಿಶಾಲೆ ನಡೆಸುತ್ತಿದ್ದರು; ಇಂಗ್ಲೆಂಡಿನಿಂದ ಬಂದ ಅಧ್ಯಾಪಕ ಪಿಯರ್ಸನ್ ಇದರಲ್ಲಿ ಮುಂದು. ಮಹಾಲಯದ ದಿನ ನಡೆಯುವ ಆನಂದ ಬಜಾರಿನಲ್ಲಿ ಮಕ್ಕಳು ತಾವೇ ತಯಾರಿಸಿದ ತಿಂಡಿ, ಕರಕುಶಲ ವಸ್ತುಗಳನ್ನು ಮಾರುತ್ತಾರೆ. ಬಂದ ಹಣ ಬಡವರ ನಿಧಿಗೆ. ಎಲ್ಲಕ್ಕಿಂತ ದೊಡ್ಡ ನಿದರ್ಶನ ‘ಫಾಲ್ಗುನಿ’ ನಾಟಕದ್ದು. 1915ರಲ್ಲಿ ಶಾಲೆಯೊಳಗೆ ಆಡಿದ್ದ ಅದನ್ನು 1916ರ ಜನವರಿಯಲ್ಲಿ ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಬಾಂಕುರಾ ಬರಗಾಲದ ಪರಿಹಾರಕ್ಕಾಗಿ ಮತ್ತೆ ಆಡಲಾಯಿತು. ಕವಿ ಕುರುಡ ಬಾವುಲನ, ಎಂದರೆ ಅಲೆಮಾರಿ ಹಾಡುಗಾರನ, ಪಾತ್ರ ಮಾಡಿದರು. ತಾನೇ ಸಾಲದಲ್ಲಿದ್ದ ಶಾಲೆ ಬರಪೀಡಿತರಿಗಾಗಿ ಕೈಯೊಡ್ಡಿತು.

ಋಣದ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ಹೊಳೆಯುತ್ತದೆ. ತ್ರಿಪುರದ ಅರಸನಿಗೆ ಹುಡುಗ ಏನನ್ನೂ ಹಿಂದಿರುಗಿಸಲಾರ. ಹಿಂದಿರುಗಿಸಿದರೆ ದಾನ ಸಾಲವಾಗುತ್ತದೆ. ಋಷಿಋಣವನ್ನು ಸ್ವಾಧ್ಯಾಯದಿಂದ, ಎಂದರೆ ಕಲಿತದ್ದನ್ನು ಬಿಡದೆ ನಡೆಸಿಕೊಂಡು ಹೋಗುವುದರಿಂದ ತೀರಿಸಬೇಕೆಂದು ಧರ್ಮಶಾಸ್ತ್ರ ಹೇಳುವುದೂ ಇದೇ ದಿಕ್ಕಿನಲ್ಲಿ. ಋಷಿಗಳು ವಸೂಲಿಗೆ ಬರುವುದಿಲ್ಲ. ಋಣ ಹಿಂದಕ್ಕೆ ಹೋಗದೆ ಮುಂದಕ್ಕೆ ಹರಿಯುತ್ತದೆ; ಬಾಂಕುರಾದ ಹಸಿದವನಿಗೆ, ರಾತ್ರಿಶಾಲೆಯ ಸಂತಾಲನಿಗೆ. ಹಾಗೆ ನೋಡಿದರೆ ವಿದ್ಯಾರ್ಥಿಗಳ ಚಟುವಟಿಕೆ ಪಾಠದ ನಡುವಿನ ಮನರಂಜನೆಯಲ್ಲ, ಪಡೆದವನು ಕೊಡುವವನಾಗುವ ಜಾಗ.

ಆ ಜಾಗದಲ್ಲಿ ಕೆಲಸ ಕಡ್ಡಾಯವಾಗಬೇಕೇ ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ಗಾಂಧಿ ದಕ್ಷಿಣ ಆಫ್ರಿಕ ಬಿಟ್ಟ ಮೇಲೆ ಅವರ ಫೀನಿಕ್ಸ್ ಆಶ್ರಮದ ಹುಡುಗರು ಶಾಂತಿನಿಕೇತನದಲ್ಲಿ ತಂಗಿದ್ದರು. 1915ರ ಫೆಬ್ರವರಿಯಲ್ಲಿ ಬಂದ ಗಾಂಧಿ, ಗೋಖಲೆ ತೀರಿಹೋದ ಸುದ್ದಿ ಕೇಳಿ ಪುಣೆಗೆ ಹೋಗಿ, ಮಾರ್ಚಿನಲ್ಲಿ ಮತ್ತೆ ಬಂದರು. ಸಂಬಳದ ಅಡುಗೆಯವರನ್ನು ಬಿಟ್ಟು ಅಧ್ಯಾಪಕರು, ಹುಡುಗರೇ ಅಡುಗೆ ಮಾಡಿಕೊಳ್ಳಬಾರದೇಕೆ ಎಂದು ಕೇಳಿದರು. ಅಧ್ಯಾಪಕರು ಒಪ್ಪುವುದಾದರೆ ತಮ್ಮ ಅಡ್ಡಿಯಿಲ್ಲವೆಂದ ರವೀಂದ್ರರು, ಸ್ವರಾಜ್ಯದ ಕೀಲಿಕೈ ಇದರಲ್ಲಿದೆಯೆಂದು ಹುಡುಗರಿಗೆ ಹೇಳಿದರೆಂದು ಗಾಂಧಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮಾರ್ಚ್ 10ರಂದು ಪ್ರಯೋಗ ಮೊದಲಾಯಿತು. ಒಂದು ತಂಡ ತರಕಾರಿ ಹೆಚ್ಚಿತು, ಇನ್ನೊಂದು ಧಾನ್ಯ ಹಸನು ಮಾಡಿತು. ಪಿಯರ್ಸನ್ ಉತ್ಸಾಹದಿಂದ ಕೈಹಾಕಿದರು. ಪಾತ್ರೆ ತಿಕ್ಕುವವರಿಗೆ ಬೇಸರವಾಗದಿರಲೆಂದು ಕೆಲವರು ಪಕ್ಕದಲ್ಲಿ ಕುಳಿತು ಸಿತಾರ್ ನುಡಿಸಿದರಂತೆ. ಸುಮಾರು 125 ಹುಡುಗರು ಇದಕ್ಕೆ ಒಮ್ಮೆಲೇ ಒಗ್ಗಿಕೊಳ್ಳುತ್ತಾರೆಂಬ ನಿರೀಕ್ಷೆ ಗಾಂಧಿಗೂ ಇರಲಿಲ್ಲ. ಕೆಲವೇ ವಾರಗಳಲ್ಲಿ ಪ್ರಯೋಗ ನಿಂತಿತು.

ಸಿತಾರಿನ ವಿವರ ಇಬ್ಬರ ಭಿನ್ನತೆಯನ್ನೂ ಹೇಳುತ್ತದೆ. ಗಾಂಧಿಗೆ ಪಾತ್ರೆ ತಿಕ್ಕುವುದು ಯಜ್ಞ. ತನ್ನ ಅನ್ನಕ್ಕೆ ತಾನು ಮೈಮುರಿಯದವನು ಕದ್ದು ಉಣ್ಣುವವನೆಂಬ ಗೀತೆಯ ಭಾವ ಅದರ ಹಿಂದಿದೆ. ರವೀಂದ್ರರಿಗೆ ಆನಂದದಿಂದ ಹುಟ್ಟದ ಕೆಲಸ ಮಗುವಿಗೆ ಶಿಕ್ಷಣವಾಗದು. ಸತ್ತ ನಿಯಮಗಳ ಗೋಡೆಯೊಳಗೆ ಕೂತ ಗುರುಕುಲವನ್ನು ಅವರು 1911ರ ‘ಅಚಲಾಯತನ’ ನಾಟಕದಲ್ಲೇ ಲೇವಡಿ ಮಾಡಿದ್ದರು. ಕಾಯಕವೇ ಪೂಜೆ, ಅದರ ಫಲ ದಾಸೋಹಕ್ಕೆ ಎಂದ ಶರಣರಿಗೆ ಈ ಎರಡರ ನಡುವೆ ಆರಿಸಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲವೇನೋ. ಆದರೆ ಅವರು ವಯಸ್ಕರ ಬಗ್ಗೆ ಮಾತಾಡುತ್ತಿದ್ದರು, ತಾವಾಗಿ ಆರಿಸಿಕೊಂಡವರ ಬಗ್ಗೆ. ದಾನದ ಅನ್ನ ಉಣ್ಣುವ ಮಗುವಿಗೆ ‘ಉಂಡದ್ದಕ್ಕೆ ದುಡಿ’ ಎಂದರೆ ದಾನ ಕೂಲಿಯಾಗುತ್ತದೆ. ಏನನ್ನೂ ಮಾಡಬೇಡವೆಂದರೆ ಮಗು ಕೊಡುವ ಸುಖವನ್ನೇ ಅರಿಯದೆ ಬೆಳೆಯುತ್ತದೆ. ಶಾಂತಿನಿಕೇತನ ಕಂಡುಕೊಂಡದ್ದು ನಡುದಾರಿ: ವರ್ಷಕ್ಕೊಮ್ಮೆ, ಮಾರ್ಚ್ 10ರ ಗಾಂಧಿ ಪುಣ್ಯಾಹದಂದು, ಅಡುಗೆಯವರಿಗೆ ಮತ್ತು ಸ್ವಚ್ಛತೆಯವರಿಗೆ ರಜೆ, ಅವರ ಕೆಲಸ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರದು. ಗಾಂಧಿಯ ಅಳತೆಯಲ್ಲಿ ಇದು ತೀರ ಕಡಿಮೆ. ಆದರೆ ದಿನನಿತ್ಯದ ಪ್ರಯೋಗ ಕೆಲವು ವಾರ ಬಾಳಿತು, ವಾರ್ಷಿಕ ಆಚರಣೆ ಉಳಿದುಕೊಂಡಿತು.

ಹಣದ ಪಾಡು ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. 1913ರ ನೊಬೆಲ್ ಬಹುಮಾನದ ಮೊತ್ತವನ್ನು ಕವಿ ಪತಿಸರದ ಕೃಷಿ ಬ್ಯಾಂಕಿನಲ್ಲಿಟ್ಟರು. ರೈತರಿಗೆ ಕಡಿಮೆ ಬಡ್ಡಿಯ ಸಾಲ, ಬಡ್ಡಿಯ ಹಣ ಶಾಲೆಗೆ ಎಂಬುದು ಲೆಕ್ಕಾಚಾರ. ಮುಂದೆ ಸಾಲಗಳು ವಸೂಲಾಗದೆ ಅಸಲೇ ಕರಗಿತು. 1916-17ರ ಅಮೆರಿಕದ ಉಪನ್ಯಾಸಗಳ ಸಂಪಾದನೆಯೂ ಶಾಲೆಗೇ. 1919ರ ದಕ್ಷಿಣ ಭಾರತ ಪ್ರವಾಸದಲ್ಲಿ ಬೆಂಗಳೂರು, ಮೈಸೂರುಗಳಿಗೂ ಬಂದು ಹೋದರು. ಶಾಲೆಯನ್ನು ವಿಶ್ವಭಾರತಿಯಾಗಿ ಬೆಳೆಸುವ ಕಲ್ಪನೆ ಆಗ ಅವರ ಮನಸ್ಸನ್ನು ತುಂಬಿತ್ತು. 1936ರಲ್ಲಿ, ಎಪ್ಪತ್ತೈದರ ಅಂಚಿನಲ್ಲಿದ್ದ ಅವರು ನೃತ್ಯತಂಡ ಕಟ್ಟಿಕೊಂಡು ಹಣಕ್ಕಾಗಿ ಉತ್ತರ ಭಾರತ ಸುತ್ತುತ್ತಿರುವುದನ್ನು ಕಂಡು ನೊಂದ ಗಾಂಧಿ, ದಾನಿಗಳಿಂದ 60,000 ರೂಪಾಯಿ ಕೊಡಿಸಿ ಪ್ರವಾಸ ನಿಲ್ಲಿಸಲು ಕೋರಿದರು. 1921ರಲ್ಲಿ ವಿಶ್ವಭಾರತಿಯಾಗಿ ಬೆಳೆದಿದ್ದ ಸಂಸ್ಥೆ 1951ರಲ್ಲಿ ಸಂಸತ್ತಿನ ಕಾಯ್ದೆಯಿಂದ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅಲ್ಲಿಂದ ಮುಂದೆ ಕೊಡುವವರು ತೆರಿಗೆ ಕಟ್ಟುವ ಪ್ರಜೆಗಳೆಲ್ಲರೂ. ಅವರ ಪರವಾಗಿ ಹಕ್ಕು ಚಲಾಯಿಸುವುದು ಸರ್ಕಾರ. ಆ ಹಕ್ಕಿಗೆ ದೇವೇಂದ್ರನಾಥರ ದತ್ತಿಪತ್ರದಲ್ಲಿದ್ದಂಥ ಗೆರೆ ಎಲ್ಲಿದೆಯೆಂಬ ವಾದ ಬೇರೆಯೇ.