ಗಡಿಯಾರದೊಳಗಿನ ಕಾಯಕ

ಒಡವೆಯ ಬೆಲೆಯನ್ನು ಅಂಗಡಿಯವನು ಹೇಳಬಲ್ಲನು. ಅದರ ಮೌಲ್ಯವನ್ನಾದರೋ ಮಾಡಿದವನ ಕಾಯಕವೂ ಧರಿಸಿದವನ ನಡೆಯೂ ಹೇಳಬೇಕು. ಈ ಭೇದವನ್ನರಿಯಲು ಕೈಗಡಿಯಾರಕ್ಕಿಂತ ಸುಲಭವಾದ ದೃಷ್ಟಾಂತ ಬೇಕಿಲ್ಲ.

ಮಂಗಳೂರಿನ ಬಜಪೆಯ ಗುಡ್ಡದ ಮೇಲೆ 1951ರಲ್ಲಿ ವಿಮಾನ ನಿಲ್ದಾಣವಾಯಿತು. ಇಂದು ಕೊಲ್ಲಿ ದೇಶಗಳಲ್ಲಿ ದುಡಿಯುವ ಅನೇಕರು ಬಂದಿಳಿಯುವುದು ಅಲ್ಲಿಯೇ. ಅಂತಹ ಮಗನೊಬ್ಬನು ತಂದೆಗೆಂದು ಲಕ್ಷಾಂತರ ರೂಪಾಯಿಗಳ ಸ್ವಿಸ್ ಗಡಿಯಾರವನ್ನು ತಂದನೆಂದಿಟ್ಟುಕೊಳ್ಳಿರಿ. ತಂದೆಯ ಮುಂಗೈಯಲ್ಲಿ ಮದುವೆಯ ಕಾಲದ ಎಚ್.ಎಂ.ಟಿ. ‘ಜನತಾ’ ಇದೆ. ಎರಡರಲ್ಲಿ ಯಾವುದು ಹಿರಿದು?

ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳನ್ನು ಮಾಡತೊಡಗಿತು. ಸಾಮಾನ್ಯ ಮನೆತನಗಳ ಹೆಣ್ಣುಮಕ್ಕಳು ಕಣ್ಣಿಗೆ ಭೂತಗನ್ನಡಿಯಿಟ್ಟು, ಉಸಿರು ಬಿಗಿಹಿಡಿದು, ಸಾಸಿವೆಯಂತಹ ತಿರುಪುಗಳನ್ನು ಕೂಡಿಸಿದರು. ‘ಜನತಾ’ದ ಸಮತೋಲನ ಚಕ್ರವು ಸೆಕೆಂಡಿಗೆ 5 ಸಲ ಮಿಡಿಯುತ್ತದೆ, ಒಂದು ಹಗಲಿರುಳಿಗೆ 4,32,000 ಮಿಡಿತಗಳು. ಅದರೊಳಗೆ 17 ಹರಳುಗಳಿವೆ. ಅವು ಅಲಂಕಾರಕ್ಕಲ್ಲ, ಚಕ್ರದ ಅಚ್ಚುಗಳು ಸವೆಯದಂತೆ ತಿಕ್ಕಾಟವಿರುವಲ್ಲಿ ಕೂರಿಸಿದ ಕೃತಕ ಮಾಣಿಕ್ಯಗಳು. ಹೊರಗೆ ಹೊಳೆಯುವ ಹರಳು ನೋಡುವವರಿಗಾಗಿ. ಒಳಗೆ ಭಾರ ಹೊರುವ ಹರಳು ಕಾಲಕ್ಕಾಗಿ. ಮನೆಯಲ್ಲಿಯೂ ಯಾರ ಕಣ್ಣಿಗೂ ಬೀಳದೆ ಎಲ್ಲರ ತಿಕ್ಕಾಟವನ್ನು ತಾಳುವ ಜೀವವೊಂದಿರುತ್ತದೆ. ಆ ಮನೆಯ ಮಾಣಿಕ್ಯವದು.

ಇಷ್ಟರಿಂದ ಸ್ವಿಸ್ ಗಡಿಯಾರವನ್ನು ಹೀಗಳೆಯಬಾರದು. ಆ ನಾಡಿನ ಶ್ರೇಷ್ಠ ಕುಶಲಿಗರು ಮುಚ್ಚಳದೊಳಗೆ ಅಡಗಿ, ಧರಿಸಿದವನೂ ಎಂದೂ ನೋಡದ ಬಿಡಿಭಾಗಗಳ ಅಂಚನ್ನೂ ಕೈಯಿಂದಲೇ ಉಜ್ಜಿ ನುಣುಪುಗೊಳಿಸುವರು. ಯಾರೂ ಕಾಣದ ಕಡೆಯಲ್ಲಿಯೂ ಶುದ್ಧವಾಗಿರುವುದೇ ಅಂತರಂಗಶುದ್ಧಿಯಲ್ಲವೆ? ಕುಶಲಿಗನು ಹಳ್ಳಿಯವನಾಗಲಿ ಪರದೇಶಿಯಾಗಲಿ, ಕಾಯಕಕ್ಕೆ ಕುಲವಿಲ್ಲ.

ದೋಷವಿರುವುದು ಗಡಿಯಾರದಲ್ಲಲ್ಲ, ಆಸೆಯಲ್ಲಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಮಿಕ್ಕುದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಆ ತಾಯಿಯ ತಕ್ಕಡಿಯಲ್ಲಿ ನಮ್ಮ ಮದುವೆಯ ಚಪ್ಪರಗಳನ್ನು ತೂಗಿದರೆ ಏನಾದೀತು? ವರನಿಗೆ ಇಂತಹುದೇ ಗಡಿಯಾರವಾಗಬೇಕೆಂದು ಬೀಗರು ಹಟ ಹಿಡಿಯುವರು. ಹೆಣ್ಣಿನ ತಂದೆ ಹೊಲವನ್ನು ಅಡವಿಟ್ಟು ತರುವನು. ಅಂತಹ ಗಡಿಯಾರವು ತೋರಿಸುವುದು ವೇಳೆಯನ್ನಲ್ಲ, ಸಾಲ ತೀರಿಸಬೇಕಾದ ದಿನವನ್ನು. ಅದನ್ನು ಕಟ್ಟಿದ ಕೈಯಿಂದ ಲಿಂಗಪೂಜೆ ಹೇಗೆ ಸಂದೀತು?

ಮಗನು ಬೆವರು ಸುರಿಸಿ, ಸಾಲವಿಲ್ಲದೆ, ಭಕ್ತಿಯಿಂದ ತಂದುದಾದರೆ ತಂದೆ ಅದನ್ನು ಪ್ರಸಾದವೆಂದು ಸ್ವೀಕರಿಸಲಿ. ಆದರೆ ಹಳೆಯದನ್ನು ನಾಚಿಕೆಯಿಂದ ಮೂಲೆಗೆಸೆಯದಿರಲಿ. ಮಗನೂ ಒಂದು ಮಾತನ್ನು ನೆನೆಯಲಿ: ತಂದೆ ಕಾದದ್ದು ಗಡಿಯಾರಕ್ಕಲ್ಲ, ಅದನ್ನು ತರುವವನಿಗೆ. ವರುಷಕ್ಕೊಮ್ಮೆ ತಂದೆಯ ಬಳಿ ಕುಳಿತ ಒಂದು ಗಳಿಗೆಯ ಬೆಲೆಯನ್ನು ಯಾವ ಅಂಗಡಿಯೂ ಬರೆದಿಲ್ಲ.

ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರವು ನಿರ್ಣಯಿಸಿತು. ಕಾರ್ಖಾನೆಯ ಕಟ್ಟಡವು ಸ್ಥಾವರ, ಅದಕ್ಕೆ ಕೊನೆಯುಂಟು. ಬೀದಿಬದಿಯ ಪೆಟ್ಟಿಗೆಯಂಗಡಿಯಲ್ಲಿ ಆ ಗಡಿಯಾರಗಳನ್ನು ಬಿಚ್ಚಿ, ತೊಳೆದು, ಎಣ್ಣೆಯಿಟ್ಟು ಮತ್ತೆ ನಡೆಸುವ ಕೈಚಳಕವಾದರೋ ಜಂಗಮ. ಅದು ಕೈಯಿಂದ ಕೈಗೆ ಸಾಗುತ್ತಲೇ ಇದೆ.

‘ಜನತಾ’ಕ್ಕೆ ಪ್ರತಿದಿನವೂ ಕೀಲಿ ಕೊಡಬೇಕು. ನಿನ್ನೆ ಕೊಟ್ಟ ಕೀಲಿ ನಾಳೆಗೆ ಸಾಲದು. ಹಾಗೆಯೇ ನಿನ್ನೆಯ ಪೂಜೆ, ನಿನ್ನೆಯ ದಾಸೋಹಗಳು ಇಂದಿಗೆ ಸಾಲವು. ಬೆಳಗಿನಲ್ಲಿ ಗಡಿಯಾರಕ್ಕೆ ಕೀಲಿ ಕೊಡುವ ಕೈ, ಅದಕ್ಕೆ ಮೊದಲು ಇಷ್ಟಲಿಂಗವನ್ನು ಹಿಡಿದ ಕೈಯಾಗಿರಲಿ. ಆ ಬಳಿಕ ಕಾಯಕಕ್ಕೆ ಇಳಿಯಲಿ.