ಆರಂಭಶೂರರ ಪರವಾಗಿ

‘ಆರಂಭಶೂರತನ’ ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತಲ್ಲ, ಬೈಗುಳ. ಹೊಲಿಗೆ ಕ್ಲಾಸಿಗೆ ನಾಲ್ಕು ದಿನ ಹೋಗಿ ಬಿಟ್ಟವಳು, ಅಂಚೆ ತೆರಪಿನ ಪದವಿಗೆ ಫೀಸು ಕಟ್ಟಿ ಪರೀಕ್ಷೆಗೆ ಕೂರದವಳು, ಸಂಗೀತವನ್ನು ಸರಳೆ ವರಸೆಗೇ ನಿಲ್ಲಿಸಿದವಳು, ಎಲ್ಲರಿಗೂ ಇದೊಂದೇ ಬಿರುದು. ಶುರು ಮಾಡಿ ಬಿಡುವುದು ಅಷ್ಟು ದೊಡ್ಡ ತಪ್ಪೇ?

ನಾನು ಕನ್ನಡ ಪಾಠ ಹೇಳುವವಳು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ನಮ್ಮ ವಿಜ್ಞಾನದ ಟೀಚರ್ ವಿವರಿಸಿದ ಒಂದು ಸಂಗತಿ ಈ ಪ್ರಶ್ನೆಯನ್ನು ನನ್ನ ತಲೆಯೊಳಗೆ ಬಿಟ್ಟುಹೋಯಿತು.

ಜೀವಕೋಶದೊಳಗಿನ ಡಿಎನ್‌ಎ ಒಂದು ದೊಡ್ಡ ಹೊತ್ತಿಗೆಯಿದ್ದಂತೆ. ಅದರಿಂದ ಬೇಕಾದಷ್ಟನ್ನು ಆರ್‌ಎನ್‌ಎಯಾಗಿ ನಕಲು ಮಾಡುವ ಕಿಣ್ವಕ್ಕೆ ಆರ್‌ಎನ್‌ಎ ಪಾಲಿಮರೇಸ್ ಎಂದು ಹೆಸರು. ಬ್ಯಾಕ್ಟೀರಿಯಾದಲ್ಲಿ ಈ ಕಿಣ್ವಕ್ಕೆ ಬರೆಯಲು ಬರುತ್ತದೆ, ಆದರೆ ಎಲ್ಲಿಂದ ಶುರು ಮಾಡಬೇಕೆಂದು ತಾನಾಗಿ ತಿಳಿಯದು. ಸಿಗ್ಮಾ ಎಂಬ ಇನ್ನೊಂದು ಪ್ರೋಟೀನು ಜೊತೆಗೂಡಿ ಜಾಗ ತೋರಿಸಬೇಕು. ಇದು ತಿಳಿದುಬಂದದ್ದು 1969ರಲ್ಲಿ. ಜಾಗ ಸಿಕ್ಕ ಮೇಲೆ ಕಿಣ್ವ ಡಿಎನ್‌ಎಯ ಎರಡು ಎಳೆಗಳನ್ನು ಅಲ್ಲಿಷ್ಟು ಬಿಡಿಸಿ, ಒಂದೊಂದೇ ಅಕ್ಷರ ಜೋಡಿಸತೊಡಗುತ್ತದೆ.

ಸ್ವಾರಸ್ಯ ಇರುವುದೇ ಇಲ್ಲಿ. ಎಷ್ಟೋ ವೇಳೆ ಅದು ಎರಡಕ್ಷರ, ಐದಕ್ಷರ, ಎಂಟಕ್ಷರ ಬರೆದು, ಆ ತುಣುಕನ್ನು ಬಿಸುಟು, ಮತ್ತೆ ಮೊದಲಿನಿಂದ ಹಿಡಿಯುತ್ತದೆ. ಆಗೆಲ್ಲ ಅದು ನಿಂತಲ್ಲಿಂದ ಕದಲಿರುವುದಿಲ್ಲ. ಮುಂದಿನ ಎಳೆಯನ್ನೇ ತನ್ನೊಳಗೆ ಸೆಳೆದುಕೊಳ್ಳುತ್ತಿರುತ್ತದೆ. 2006ರಲ್ಲಿ ವಿಜ್ಞಾನಿಗಳು ಒಂದೊಂದೇ ಅಣುವನ್ನು ಗಮನಿಸಿ ಇದನ್ನು ತೋರಿಸಿಕೊಟ್ಟರು. ಸೆಳೆದಷ್ಟೂ ಬಿಗಿ ಏರುತ್ತದೆ. ತುಣುಕು ಜಾರಿದರೆ ಆ ಬಿಗಿಯೂ ಸಡಿಲ, ಮತ್ತೆ ಹೊಸದಾಗಿ ಕಟ್ಟಬೇಕು. ಕೊನೆಗೊಂದು ಸಲ ಆ ಬಿಗಿಯೇ ನಿಂತ ನೆಲದ ಹಿಡಿತವನ್ನು ಕಳಚುತ್ತದೆ. ಅಲ್ಲಿಂದ ಮುಂದೆ ಕಿಣ್ವ ಸಾವಿರಾರು ಅಕ್ಷರ ಬರೆಯುತ್ತ ಸಾಗಬಲ್ಲದು.

ಇನ್ನೊಂದು ಮಾತು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ನಿಮಗೆ ಗೊತ್ತಿರಬಹುದು, ಮೂತ್ರವನ್ನು ಕೆಂಪಗೆ ಮಾಡುವ ಔಷಧಿ. ಅದು ರೋಗಾಣುವಿನ ಇದೇ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಶುರು ಮಾಡುವುದನ್ನು ತಡೆಯುವುದಿಲ್ಲ. ಎರಡು ಮೂರು ಅಕ್ಷರವಾದೊಡನೆ, ಹೊಸ ಎಳೆ ಬೆಳೆಯಬೇಕಾದ ದಾರಿಗೆ ಅಡ್ಡ ಕೂತಿರುತ್ತದೆ. ಕಿಣ್ವ ಎಷ್ಟು ಸಲ ಆರಂಭಿಸಿದರೂ ಅಷ್ಟಕ್ಕೇ ನಿಲ್ಲಬೇಕು. ರೋಗಾಣುವಿಗೆ ಹೀಗಾಗುವುದು ನಮ್ಮ ಪುಣ್ಯ.

ಆದರೆ ನೋಡಿ, ಎರಡು ಕಡೆಯೂ ನಮ್ಮ ಕಣ್ಣಿಗೆ ಬೀಳುವುದು ತುಂಡು ಬರಹವೇ. ಒಂದು ಕಡೆ ಅದು ಹೊರಡುವ ಪ್ರಯತ್ನ. ಇನ್ನೊಂದು ಕಡೆ ದಾರಿಯಲ್ಲೇ ಅಡ್ಡಿ. ತುಂಡನ್ನಷ್ಟೇ ನೋಡಿ ಯಾವುದು ಯಾವುದೆಂದು ಹೇಳಲಾದೀತೆ?

ಪರೀಕ್ಷೆಗೆ ಕೂರದವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿದ್ದರೆ? ಹೊಲಿಗೆ ಬಿಟ್ಟವಳಿಗೆ ಸಂಜೆ ಐದಕ್ಕೆ ಮನೆಯಲ್ಲಿರಲೇಬೇಕೆಂಬ ಕಟ್ಟಳೆಯಿದ್ದರೆ? ಮನಸ್ಸಿಲ್ಲದೆ ಬಿಟ್ಟವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಕಿಣ್ವಕ್ಕೆ ಮನಸ್ಸಿಲ್ಲ, ನಮಗಿದೆ; ಹೋಲಿಕೆ ಅಲ್ಲಿಗೆ ನಿಂತಿತು. ಆದರೆ ಮನಸ್ಸಿಲ್ಲವೆಂದು ತೀರ್ಪು ಕೊಡುವ ಮುನ್ನ ದಾರಿ ತೆರೆದಿತ್ತೇ ಎಂದು ನೋಡುವುದು ನ್ಯಾಯ. ಅದಕ್ಕೂ ಮೊದಲು, ಅಡ್ಡ ಕೂತಿರುವವರು ನಾವೇ ಅಲ್ಲವಷ್ಟೇ ಎಂದು ಕೇಳಿಕೊಳ್ಳಬೇಕು. ನಾವೇ ಆಗಿದ್ದರೆ ಉಪದೇಶ ಬೇಡ. ಎದ್ದು ಪಕ್ಕಕ್ಕೆ ಸರಿದರೆ ಸಾಕು.